ಮಾಜಿ ಮಂತ್ರಿಯ ಸೌನಾಕ್ಕೆ ಹತ್ತು ಸಹಿ

ಅಮೆರಿಕಕ್ಕೆ ಹೋಗಿ ಬಂದವರನ್ನು ನಮ್ಮ ಊರಿನಲ್ಲಿ ಮೊದಲು ಕೇಳುವ ಪ್ರಶ್ನೆ, ‘ಏನೇನು ನೋಡಿದಿರಿ?’ ನಾನು ಕೊಟ್ಟ ಉತ್ತರಕ್ಕೆ ನಮ್ಮ ಪುರಸಭೆಯ ನೀರಿನ ವಿಭಾಗದಲ್ಲಿ ಇವತ್ತಿಗೂ ನಗುತ್ತಾರೆ. ಸಿಯಾಟಲ್ ಹತ್ತಿರದ ನಾರ್ತ್ ಕ್ರೀಕ್ ಎಂಬಲ್ಲಿ ಎರಡೂವರೆ ತಿಂಗಳು ಇದ್ದು ನಾನು ಸರಿಯಾಗಿ ನೋಡಿದ್ದು ಹದಿನಾಲ್ಕು ಮನೆಗಳ ಒಂದು ರಸ್ತೆ, ಹಿತ್ತಲಿನ ಒಂದು ಮರದ ಗೂಡು, ಮತ್ತು ಮೈಮೇಲೆ ಬಟ್ಟೆಯಿಲ್ಲದ ಒಬ್ಬ ಮಾಜಿ ಮಂತ್ರಿ. ಪ್ರಸಿದ್ಧವಾದ ಎತ್ತರದ ಗೋಪುರವನ್ನೂ ಕಾರಿನ ಕಿಟಕಿಯಿಂದ ತೋರಿಸಿದರು. ನಾನು ಕನ್ನಡಕ ಹಾಕಿಕೊಳ್ಳುವಷ್ಟರಲ್ಲಿ ಅದು ಹಿಂದೆ ಹೋಗಿತ್ತು.

ನಾರ್ತ್ ಕ್ರೀಕ್: ಮೊದಲ ವಾರ

ಹೋದದ್ದು ನನ್ನ ನಾದಿನಿ ಸುಮಾಳ ಬಾಣಂತನಕ್ಕೆ. ಅತ್ತೆಗೆ ಮಂಡಿನೋವು, ಹಾಗಾಗಿ ಅಕ್ಕನಾದ ನನ್ನ ಹೆಂಡತಿ ವಿಶಾಲುವೇ ಹೋಗಬೇಕಾಯಿತು. ವಿಶಾಲುವಿಗೆ ಇಂಗ್ಲಿಷ್ ಬಾರದು, ವಿಮಾನ ಬದಲಿಸುವುದು ತಿಳಿಯದು. ಆದ್ದರಿಂದ ನನ್ನನ್ನೂ ಕರೆದೊಯ್ದಳು. ಸಾಮಾನಿನ ಪಟ್ಟಿಯಲ್ಲಿ ಅಂಟಿನುಂಡೆ, ಸಾಂಬ್ರಾಣಿ, ಹರಳೆಣ್ಣೆ, ಆಮೇಲೆ ನಾನು.

ಸುಮಾಳ ಗಂಡ ಪ್ರಕಾಶ, ಅಂದರೆ ನನ್ನ ಷಡ್ಡಕ, ಬೆಳಿಗ್ಗೆ ಏಳೂವರೆಗೆ ಆಫೀಸಿಗೆ ಹೋದರೆ ಸಂಜೆ ಏಳಕ್ಕೆ ಬರುವವನು. ಒಳ್ಳೆಯ ಹುಡುಗ. ಮನೆಯ ಎಲ್ಲ ಗುಂಡಿಗಳನ್ನೂ ತೋರಿಸಿಕೊಟ್ಟು, ‘ಆರಾಮಾಗಿರಿ ಅಣ್ಣ’ ಎಂದ. ಎರಡನೆಯ ದಿನವೇ ಆರಾಮು ಮುಗಿಯಿತು. ಬಾಣಂತಿಗೆ ತಲೆಗೆ ನೀರು ಹಾಕಿ, ಕೆಂಡದ ಮೇಲೆ ಸಾಂಬ್ರಾಣಿ ಉದುರಿಸಿ ವಿಶಾಲು ಕೂದಲಿಗೆ ಹೊಗೆ ಕೊಡುತ್ತಿದ್ದಳು. ಚಾವಣಿಯಲ್ಲಿದ್ದ, ಹೊಗೆ ಕಂಡರೆ ಕೂಗುವ ಬಿಳಿಯ ಬಿಲ್ಲೆಯೊಂದು ಕಿರುಚತೊಡಗಿತು. ಒಂದು ಕಿರುಚಿದ್ದನ್ನು ಕೇಳಿ ಮನೆಯ ಉಳಿದ ಐದೂ ಕಿರುಚಿದವು. ಮಗು ಮಾತ್ರ ನಿದ್ದೆ ಮಾಡುತ್ತಿತ್ತು. ನಾನು ಕುರ್ಚಿ ಹತ್ತಿ ಟವೆಲ್ಲಿನಿಂದ ಗಾಳಿ ಹಾಕಿದೆ.

ಮಾರನೆಯ ದಿನದಿಂದ ಹೊಗೆಯ ಕಾರ್ಯಕ್ರಮ ಹಿತ್ತಲಿನ ಮರದ ಜಗುಲಿಗೆ ಬಂತು. ಮಾಂಸ ಸುಡಲೆಂದು ಅಂಗಡಿಯಲ್ಲಿ ಮಾರುವ ಇದ್ದಿಲ ಚೀಲ ತಂದು, ನಾನೇ ಕೆಂಡ ಮಾಡಿಕೊಡುತ್ತಿದ್ದೆ. ದಿನಾ ಬೆಳಿಗ್ಗೆ ಎಂಟಕ್ಕೆ ಸುಮಾ ಕೂದಲು ಹರವಿಕೊಂಡು ಕೂರುವಳು, ವಿಶಾಲು ಬುಟ್ಟಿ ಹಿಡಿಯುವಳು, ಹೊಗೆ ಬೇಲಿಯ ಆಚೆ ಹೋಗುವುದು. ನಾನು ದಿನಚರಿ ಬರೆಯುವವನು, ಇದನ್ನೂ ಬರೆಯುತ್ತಿದ್ದೆ: ‘8.00, ಹೊಗೆ. 8.20, ಮಳೆ. ಮಳೆಯಲ್ಲೇ ಎದುರು ಮನೆಯ ಹುಲ್ಲಿಗೆ ಯಂತ್ರ ನೀರು ಹಾರಿಸುತ್ತಿದೆ.’ ಇಪ್ಪತ್ತಾರು ವರ್ಷ ನಲ್ಲಿ ಬಿಡುವ ವೇಳಾಪಟ್ಟಿ ಬರೆದವನು, ಆ ಕೊನೆಯ ಸಾಲಿನ ಕೆಳಗೆ ಎರಡು ಗೆರೆ ಎಳೆದೆ.

ಐದನೆಯ ದಿನ ಬೇಲಿಯ ಮೇಲೆ ಒಂದು ತಲೆ ಕಾಣಿಸಿತು. ಬಿಳಿಕೂದಲು, ಕೆಂಪು ಮುಖ, ಎಪ್ಪತ್ತು ದಾಟಿದ ವಯಸ್ಸು. ನಾನು ನಮಸ್ಕರಿಸಿದೆ. ತಲೆ ಅಲ್ಲಾಡಿತು. ಮೂರು ನಿಮಿಷ ಇಬ್ಬರೂ ಕೆಂಡ ನೋಡಿದೆವು.

“ಯಾವ ಮರ?” ಎಂದಿತು ತಲೆ.

“ಮರವಲ್ಲ, ಮರದ ಅಂಟು. ಬಾಣಂತಿಗೆ,” ಎಂದೆ.

“ಒಳ್ಳೆಯ ವಾಸನೆ,” ಎಂದು ತಲೆ ಇಳಿದುಹೋಯಿತು.

ವಿಶಾಲು ಕೇಳಿದಳು: “ಯಾರ್ರೀ ಅದು? ಹೆಸರು ಕೇಳ್ಲಿಲ್ಲ, ಊರು ಕೇಳ್ಲಿಲ್ಲ, ಎಂಥ ಮನುಷ್ಯರೀ ನೀವು?”

ಬೇಲಿಯ ಆಚೆ

ಹೆಸರು ಓಲಾವಿ. ದೇಶ ಫಿನ್‌ಲ್ಯಾಂಡ್. ಹೆಂಡತಿ ತೀರಿಕೊಂಡ ಮೇಲೆ ಎರಡು ವರ್ಷದಿಂದ ಮಗಳು ಪೈವಿಯ ಮನೆಯಲ್ಲಿದ್ದರು. ಪೈವಿ ವಿಮಾನದ ಬಿಡಿಭಾಗಗಳ ಕಾರ್ಖಾನೆಯಲ್ಲಿ ಇಂಜಿನಿಯರು, ಮದುವೆಯಾಗಿಲ್ಲ. ಇಷ್ಟು ತಿಳಿಯಲು ನನಗೆ ಒಂದು ವಾರ ಹಿಡಿಯಿತು. ಅವರು ತಾವಾಗಿ ಏನನ್ನೂ ಹೇಳುವವರಲ್ಲ. ಕೇಳಿದರೆ, ಕೇಳಿದಷ್ಟಕ್ಕೇ ಉತ್ತರ. ನನ್ನದು ಕಚೇರಿಯ ಇಂಗ್ಲಿಷು, ಅವರದೂ ಕಚೇರಿಯ ಇಂಗ್ಲಿಷು. ಇಬ್ಬರಿಗೂ ಕಲಿತು ಬಂದದ್ದಾದ್ದರಿಂದ ಆ ರಸ್ತೆಯಲ್ಲಿ ನಮ್ಮಿಬ್ಬರ ಮಾತೇ ಎಲ್ಲರಿಗಿಂತ ಸ್ಪಷ್ಟವಾಗಿತ್ತು.

ಹಿತ್ತಲಿನಲ್ಲಿ ಅವರು ದೇವದಾರು ಹಲಗೆಯಿಂದ ಕೈಯಾರೆ ಒಂದು ಗೂಡು ಕಟ್ಟಿದ್ದರು. ನಮ್ಮ ಬಚ್ಚಲುಮನೆಯಷ್ಟು ದೊಡ್ಡದು. ಒಳಗೆ ಕಬ್ಬಿಣದ ಒಲೆ, ಒಲೆಯ ಮೇಲೆ ರಾಶಿ ಕಲ್ಲು, ಎದುರಿಗೆ ಮೆಟ್ಟಿಲಿನಂತೆ ಎರಡು ಹಲಗೆ. ವುಡಿನ್‌ವಿಲ್‌ನಿಂದ ಸೌದೆ ತಂದು ಶನಿವಾರ ಸಂಜೆ ಮಾತ್ರ ಒಲೆ ಹಚ್ಚುವರು. ಕಲ್ಲು ಕಾದ ಮೇಲೆ ನೀರು ಚೆಲ್ಲಿ ಆವಿಯಲ್ಲಿ ಕೂರುವುದು. ಇದಕ್ಕೆ ಸೌನಾ ಎಂದು ಹೆಸರು. ಒಂದು ಶನಿವಾರ ಬೇಲಿಯಾಚೆಯಿಂದ, “ಚಂದ್ರ, ಬಾ,” ಎಂದರು.

“ಪಂಚೆ ಉಟ್ಕೊಂಡೇ ಹೋಗಿ. ಅವರು ಹೆಂಗಾದ್ರೂ ಇರ್ಲಿ,” ಎಂದಳು ವಿಶಾಲು. ಅವಳಿಗೆ ಸುಮಾ ಎಲ್ಲವನ್ನೂ ಹೇಳಿಬಿಟ್ಟಿದ್ದಳು.

ಅವರು ಹೆಂಗೋ ಇದ್ದರು. ನಾನು ಕಲ್ಲಿನ ಕಡೆಗೇ ಕಣ್ಣಿಟ್ಟು ಕೂತೆ. ಸಂಕೋಚಕ್ಕೆ ಮಾತು ಬೇಕಲ್ಲ, ಅರ್ಜಿ ಫಾರಂ ತುಂಬಿಸಿಕೊಳ್ಳುವ ಹಾಗೆ ಕೇಳುತ್ತಾ ಹೋದೆ.

“ಹುಟ್ಟಿದ್ದೆಲ್ಲಿ?”

“ಸೌನಾದಲ್ಲಿ.”

ತಮಾಷೆಯೆಂದುಕೊಂಡೆ. ಅಲ್ಲವಂತೆ. ಅವರ ಹಳ್ಳಿಗಳಲ್ಲಿ ಆಗೆಲ್ಲ ಹೆರಿಗೆ ಸೌನಾದಲ್ಲೇ. ಮನೆಯಲ್ಲೆಲ್ಲ ಬೆಚ್ಚಗೆ, ಚೊಕ್ಕಟವಾಗಿ, ಬಿಸಿನೀರಿರುವ ಜಾಗ ಅದೊಂದೇ.

“ಮೊದಲ ಕೆಲಸ?”

“ನಮ್ಮ ಊರಿನ ಪುರಸಭೆ. ನೀರಿನ ಸಮಿತಿಯ ಸದಸ್ಯ.”

ನಾನು ಎದ್ದುನಿಂತೆ. ಮೇಲೆ ಹೋದಷ್ಟೂ ಬಿಸಿ ಹೆಚ್ಚು ಎಂಬುದು ಆಗ ಗೊತ್ತಾಗಿ, ಕಿವಿ ಹಿಡಿದುಕೊಂಡು ಮತ್ತೆ ಕೂತೆ. ಓಲಾವಿ ಮೊದಲ ಬಾರಿ ನಕ್ಕರು. ಕೊಳವೆ, ಸೋರಿಕೆ, ಬೇಸಿಗೆ ಎಂದು ಅರ್ಧ ಗಂಟೆ ಮಾತಾಡಿದೆವು. ಅವರ ಊರಿನಲ್ಲಿ ನೀರಿನ ತೊಂದರೆಯೆಂದರೆ ಕೊಳವೆಯೊಳಗೆ ಅದು ಹೆಪ್ಪುಗಟ್ಟುವುದು. ಇಲ್ಲವೆಂದು ಬೈಸಿಕೊಳ್ಳುವುದು ನಮ್ಮ ಪಾಡು, ಇದ್ದೂ ಬರಲಿಲ್ಲವೆಂದು ಬೈಸಿಕೊಳ್ಳುವುದು ಅವರ ಪಾಡು.

ಉಳಿದದ್ದು ಮುಂದಿನ ಶನಿವಾರಗಳಲ್ಲಿ ಕಂತುಕಂತಾಗಿ ಬಂತು. ನೀರಿನ ಸಮಿತಿಯಿಂದ ಸಂಸತ್ತಿಗೆ, ಆರು ಚುನಾವಣೆ, ಆರೂ ಗೆಲುವು. ಎರಡು ಸಲ ಮಂತ್ರಿ. ಪಕ್ಷದ ಅಧ್ಯಕ್ಷರಾಗಬೇಕೆಂದು ಹೊರಟಾಗ ಮಾತ್ರ ಸ್ವಂತ ಪಕ್ಷದವರೇ ಒಂದು ಸೌನಾದಲ್ಲಿ ಸೇರಿ ಬೇರೆಯವರ ಹೆಸರು ತೀರ್ಮಾನ ಮಾಡಿಬಿಟ್ಟರಂತೆ. “ಆ ಸಂಜೆ ನನಗೆ ನೆಗಡಿ. ಹೋಗಿರಲಿಲ್ಲ,” ಎಂದರು, ಇನ್ನೂ ಸ್ವಲ್ಪ ಬೇಸರದಿಂದ. ಇವರನ್ನು ಎಲ್ಲಿಡುವುದೆಂದು ತಿಳಿಯದೆ ಕೇಂದ್ರ ಬ್ಯಾಂಕಿನ ಆಡಳಿತ ಮಂಡಳಿಗೆ ಕಳಿಸಿದರು. ನಮ್ಮಲ್ಲಿ ಯಾವುದೋ ರಾಜ್ಯಕ್ಕೆ ರಾಜ್ಯಪಾಲರನ್ನಾಗಿ ಕಳಿಸುವುದಿಲ್ಲವೇ, ಹಾಗೆ. ವ್ಯತ್ಯಾಸವೆಂದರೆ ಅಲ್ಲಿ ನಿಜವಾದ ಕೆಲಸವಿತ್ತು: ಇಡೀ ದೇಶದ ಹಣ ಕಾಯುವುದು.

“ಬ್ಯಾಂಕಿನಲ್ಲಿ ಏನು ಮಾಡುತ್ತಿದ್ದಿರಿ?”

“ಸುಮ್ಮನಿರುತ್ತಿದ್ದೆ. ನಾನು ಕೆಮ್ಮಿದರೂ ಪತ್ರಿಕೆಯವರು ಬರೆಯುತ್ತಿದ್ದರು.”

ಅವರು ಕಾದ ಹಣದ ಹೆಸರು ಮಾರ್ಕ್ಕಾ. ನಾನು ಅಲ್ಲಿಗೆ ಹೋಗುವ ಎರಡು ವರ್ಷ ಮೊದಲು ಯೂರೋ ಬಂದು ಆ ಹಣವೇ ಇಲ್ಲವಾಗಿತ್ತು. ಇದನ್ನು ಹೇಳುವಾಗ ಅವರ ಮುಖದಲ್ಲಿ ದುಃಖವೇನೂ ಕಾಣಲಿಲ್ಲ. ನೀರು ಚೆಲ್ಲಿದರು. ಕಲ್ಲು ಚುಸ್ಸೆಂದಿತು.

ಲಿನ್‌ವುಡ್

ಮಗುವನ್ನು ತೊಟ್ಟಿಲಿಗೆ ಹಾಕುವ ದಿನ ಗೊತ್ತಾಯಿತು. ಕಡಲೆ, ಬೆಲ್ಲ, ಒಣಕೊಬ್ಬರಿ ಬೇಕಿತ್ತು; ಅವು ಸಿಗುವ ನಮ್ಮ ದೇಶದ ಅಂಗಡಿ ಇದ್ದದ್ದು ಪಕ್ಕದ ಊರಾದ ಲಿನ್‌ವುಡ್‌ನಲ್ಲಿ. ಪ್ರಕಾಶ ಆಫೀಸಿನಲ್ಲಿದ್ದ. ಪೈವಿ ತಾನೇ ಲಿನ್‌ವುಡ್‌ಗೆ ಹೋಗುತ್ತಿರುವುದಾಗಿ ಹೇಳಿ ನಮ್ಮಿಬ್ಬರನ್ನೂ ಕಾರಿಗೆ ಹತ್ತಿಸಿಕೊಂಡಳು. ದಾರಿಯ ವಿವರವನ್ನು ಸುಮಾ ಕಂಪ್ಯೂಟರಿನಿಂದ ಮೂರು ಹಾಳೆ ಪ್ರಿಂಟ್ ತೆಗೆದುಕೊಟ್ಟಿದ್ದಳು. ನಾನು ಎರಡನೆಯ ಹಾಳೆಯನ್ನು ಮೊದಲು ಓದಿದ್ದರಿಂದ ಒಂದೇ ಪೆಟ್ರೋಲ್ ಬಂಕನ್ನು ಮೂರು ಕಡೆಯಿಂದ ನೋಡಿದೆವು. ಪೈವಿ ಒಂದು ಮಾತೂ ಆಡಲಿಲ್ಲ. ಕೋಪವೆಂದು ಹೆದರಿದೆ. ಆಮೇಲೆ ತಿಳಿಯಿತು, ಅದು ಅವರ ದೇಶದವರ ಸಮಾಧಾನ.

ವಾಪಸ್ಸು ಬರುವಾಗ ಅವಳೇ ಮಾತು ತೆಗೆದಳು. ನಿವಾಸಿಗಳ ಸಂಘದಿಂದ ಅಪ್ಪನಿಗೆ ಪತ್ರ ಬಂದಿದೆ. ಗೂಡು ಅನುಮತಿಯಿಲ್ಲದೆ ಕಟ್ಟಿದ್ದು, ಅದರಿಂದ ದಿನಾ ಬೆಳಿಗ್ಗೆ ಹೊಗೆ ಬರುತ್ತಿದೆ ಎಂದು ದೂರು. ಹದಿನಾಲ್ಕು ಮನೆಗಳಲ್ಲಿ ಹತ್ತು ಮನೆಯವರು ಒಪ್ಪಿ ಸಹಿ ಹಾಕಿದರೆ ಇರಬಹುದು, ಇಲ್ಲವಾದರೆ ತಿಂಗಳ ಕೊನೆಗೆ ಕಿತ್ತುಹಾಕಬೇಕು.

“ಕಿತ್ತರೆ ಅಪ್ಪ ಊರಿಗೆ ಹೋಗುತ್ತಾರೆ,” ಎಂದಳು. “ಸೌನಾ ಇಲ್ಲದ ಮನೆಯಲ್ಲಿ ಅತಿಥಿಯಾಗಿ ಇರಬಹುದಂತೆ, ವಾಸ ಮಾಡಲು ಆಗುವುದಿಲ್ಲವಂತೆ. ಅಮ್ಮ ಹೋದ ಮೇಲೆ ಅವರನ್ನು ಇಲ್ಲಿಗೆ ಬರುವಂತೆ ಒಪ್ಪಿಸಲು ನನಗೆ ಒಂದು ವರ್ಷ ಬೇಕಾಯಿತು. ಇನ್ನೊಮ್ಮೆ ಒಪ್ಪಿಸಲು ನನ್ನಿಂದಾಗದು.”

ನಾನು ಹಿಂದಿನ ಸೀಟಿನಲ್ಲಿ ಬೆಲ್ಲದ ಚೀಲ ಹಿಡಿದು ಕೂತಿದ್ದೆ. ದಿನಾ ಬೆಳಿಗ್ಗೆ ಹೊಗೆ? ಓಲಾವಿ ಒಲೆ ಹಚ್ಚುವುದು ಶನಿವಾರ ಸಂಜೆ. ಮನೆಗೆ ಬಂದು ದಿನಚರಿ ತೆಗೆದೆ. ಪತ್ರದ ನಕಲನ್ನು ಸಂಘದವರು ಎಲ್ಲ ಮನೆಗೂ ಹಾಕಿದ್ದರು, ನಮ್ಮ ಮನೆಗೆ ಬಂದದ್ದು ಜಾಹೀರಾತುಗಳ ಕೆಳಗೆ ಸಿಕ್ಕಿತು. ಅದರಲ್ಲಿದ್ದ ದಿನಗಳನ್ನೂ ನನ್ನ ಸಾಲುಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ‘8.00, ಹೊಗೆ. 8.00, ಹೊಗೆ.’ ಒಂದೂ ತಪ್ಪಿರಲಿಲ್ಲ.

“ನಮ್ಮ ಸಾಂಬ್ರಾಣಿ ಕಣೇ,” ಎಂದೆ.

ವಿಶಾಲು ಹಾಳೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು. “ನಿಮ್ಮ ಡೈರಿ ಒಂದಿನ ಯಾರನ್ನಾದ್ರೂ ಜೈಲಿಗೆ ಕಳಿಸತ್ತೆ ಅಂದಿದ್ದೆ. ನಮ್ಮನ್ನೇ ಕಳಿಸ್ತಿದೆ.”

ಶನಿವಾರ, ರಸ್ತೆಯ ತುದಿ

ಹೇಳಿಬಿಡೋಣವೆಂದು ಬೆಳಿಗ್ಗೆ ಹೋದರೆ ಓಲಾವಿ ಮನೆಯಲ್ಲಿಲ್ಲ. ರಸ್ತೆಯ ತುದಿಯಲ್ಲಿ ಮಡಚುವ ಮೇಜು ಹಾಕಿ ನಿಂತಿದ್ದರು. ಮೇಜಿನ ಮೇಲೆ ದೊಡ್ಡ ಫ್ಲಾಸ್ಕಿನಲ್ಲಿ ಕಾಫಿ, ಪಾತ್ರೆಯಲ್ಲಿ ಬಟಾಣಿ ಗಂಜಿ, ಪಕ್ಕದಲ್ಲಿ ಸಹಿಯ ಹಾಳೆ, ಅದಕ್ಕೆ ದಾರದಲ್ಲಿ ಕಟ್ಟಿದ ಪೆನ್ನು.

ಅವರ ದೇಶದಲ್ಲಿ ಚುನಾವಣಾ ಪ್ರಚಾರವೆಂದರೆ ಇದೇ. ಅಭ್ಯರ್ಥಿ ಸಂತೆ ಬಯಲಲ್ಲಿ ಕಾಫಿ, ಗಂಜಿ ಇಟ್ಟುಕೊಂಡು ನಿಲ್ಲುತ್ತಾನೆ. ಬೇಕಾದವರು ಬರುತ್ತಾರೆ, ಕುಡಿಯುತ್ತಾರೆ, ಪ್ರಶ್ನೆ ಕೇಳುತ್ತಾರೆ. ಮನೆಯ ಬಾಗಿಲು ತಟ್ಟುವುದು ದೊಡ್ಡ ಅಸಭ್ಯತೆ. ಆರು ಚುನಾವಣೆಯಲ್ಲಿ ಓಲಾವಿ ಒಂದು ಬಾಗಿಲನ್ನೂ ತಟ್ಟಿರಲಿಲ್ಲ.

ಆದರೆ ಆ ರಸ್ತೆಯಲ್ಲಿ ಬಯಲೂ ಇಲ್ಲ, ನಡೆಯುವವರೂ ಇಲ್ಲ. ಕಾರು ಬರುತ್ತದೆ, ಮನೆಯ ಗ್ಯಾರೇಜಿನ ಬಾಗಿಲು ತಾನೇ ಬಾಯಿ ತೆರೆದು ಕಾರನ್ನು ನುಂಗಿ ಮುಚ್ಚಿಕೊಳ್ಳುತ್ತದೆ. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಮೇಜಿನ ಹತ್ತಿರ ಬಂದವರು ಒಂದು ನಾಯಿ, ಅದರ ಯಜಮಾನಿ, ಮತ್ತು ಮತವಿಲ್ಲದ ನಾನು.

ವಿಶಾಲುವಿಗೂ ಒಂದು ಬಟ್ಟಲು ಗಂಜಿ ಕೊಟ್ಟರು. “ನಿಮಗಾಗಿ ಮಾಂಸ ಹಾಕಿಲ್ಲ,” ಎಂದರು. ಅವಳು ಮನೆಗೆ ಒಯ್ದು ಒಗ್ಗರಣೆ ಹಾಕಿ ಇನ್ನೊಂದು ಬಟ್ಟಲಲ್ಲಿ ವಾಪಸ್ಸು ತಂದುಕೊಟ್ಟಳು. ಓಲಾವಿ ತಿಂದು, ಸ್ವಲ್ಪ ಹೊತ್ತು ದೂರ ನೋಡಿ, “ಇದು ಇದ್ದಿದ್ದರೆ ಅಧ್ಯಕ್ಷನಾಗುತ್ತಿದ್ದೆ,” ಎಂದರು.

ಹಾಳೆಯಲ್ಲಿ ಐದು ಹೆಸರಿದ್ದವು. ಪೈವಿಯದೊಂದು, ಉಳಿದ ನಾಲ್ಕು ಹಳೆಯ ಅಮೆರಿಕನ್ ನೆರೆಯವರದು. ಒಂದು ಮನೆ ಮಾರಾಟಕ್ಕಿತ್ತು, ಇನ್ನೆರಡರಲ್ಲಿ ಜನ ಊರಲ್ಲಿರಲಿಲ್ಲ. ಮಿಕ್ಕ ಆರೂ, ನಮ್ಮದೂ ಸೇರಿ, ನಮ್ಮ ದೇಶದವರ ಮನೆ. ಓಲಾವಿ ಮನೆಮನೆಯ ಅಂಚೆಡಬ್ಬಿಯಲ್ಲಿ ಹಾಕಿದ್ದ ಮನವಿಯ ಚೀಟಿಗೆ ಆ ಆರರಿಂದ ಉತ್ತರವೇ ಇಲ್ಲ.

“ಅವರು ಬೇಡವೆಂದಿದ್ದಾರೆ,” ಎಂದರು ಓಲಾವಿ.

“ಬೇಡವೆಂದಿಲ್ಲ. ನೀವು ಕೇಳಿಲ್ಲ,” ಎಂದೆ. “ನಮ್ಮಲ್ಲಿ ಮನೆಗೆ ಬಂದು ಕರೆಯದಿದ್ದರೆ ಸ್ವಂತ ಸೋದರಮಾವನೂ ಮದುವೆಗೆ ಬರುವುದಿಲ್ಲ. ಚೀಟಿ ಡಬ್ಬಿಗೆ ಹಾಕಿದರೆ ಪಿಜ್ಜಾ ಅಂಗಡಿಯದು ಅಂದುಕೊಳ್ಳುತ್ತಾರೆ.”

ಅವರು ತಲೆಯಾಡಿಸಿದರು. “ನಾನು ಕೇಳುವುದಿಲ್ಲ, ಚಂದ್ರ,” ಎಂದು ಮೇಜು ಮಡಚತೊಡಗಿದರು.

ಅದೇ ಸಂಜೆ, ಕಲ್ಲಿನ ಎದುರು

ಸೌನಾದಲ್ಲಿ ಹೊಗೆಯ ವಿಷಯ ಹೇಳಿ ತಪ್ಪೊಪ್ಪಿಕೊಂಡೆ. ಓಲಾವಿ ಆಶ್ಚರ್ಯಪಡಲಿಲ್ಲ.

“ಗೊತ್ತಿತ್ತು. ನನ್ನ ಮೂಗು ಬೇಲಿಯ ಈಚೆಗೇ ಇದೆ.”

“ಮತ್ತೆ ಸಂಘದವರಿಗೆ ಹೇಳಬಾರದಿತ್ತೇ?”

“ಮಗು ಇರುವ ಮನೆ. ಹೊಗೆ ಬೇಕು.” ಆಮೇಲೆ ಒಲೆಗೆ ಇನ್ನೆರಡು ಸೌದೆ ಇಟ್ಟು, ನಾನು ಕೇಳದಿದ್ದರೂ, ತಾವಾಗಿಯೇ ಹೇಳತೊಡಗಿದರು. ಅದು ಅದೇ ಮೊದಲು.

ಊರಿನಲ್ಲಿ ಜಮೀನು ನೋಡಿಕೊಂಡಿದ್ದವನು ಅವರ ತಮ್ಮ. ಓಲಾವಿ ಕೇಂದ್ರ ಬ್ಯಾಂಕಿನಲ್ಲಿದ್ದಾಗ ಒಂದು ಶನಿವಾರ ಮನೆಯ ಸೌನಾದಲ್ಲಿ ಕೇಳಿದ: ‘ಬಡ್ಡಿ ಕಡಿಮೆಯೆಂದು ಎಲ್ಲರೂ ಹೊರದೇಶದ ಹಣದಲ್ಲಿ ಸಾಲ ತೆಗೆಯುತ್ತಿದ್ದಾರೆ. ನಾನೂ ತೆಗೆಯಲೇ? ನಮ್ಮ ಮಾರ್ಕ್ಕಾ ನಿಲ್ಲುತ್ತದೆಯೇ?’ ಅದರ ಬೆಲೆ ಇಳಿಸುವ ಮಾತು ಬ್ಯಾಂಕಿನಲ್ಲಿ ನಡೆದಿತ್ತು. ತಮ್ಮನಿಗೆ ಹೇಳಿದರೆ ದೇಶಕ್ಕೆ ದ್ರೋಹ. ಓಲಾವಿ ನೀರು ಚೆಲ್ಲಿ ಸುಮ್ಮನಿದ್ದರು. ಅಣ್ಣ ಸುಮ್ಮನಿದ್ದಾನೆಂದರೆ ಭಯವಿಲ್ಲವೆಂದು ತಮ್ಮ ಅರ್ಥಮಾಡಿಕೊಂಡ. ಸಾಲ ತೆಗೆದ. ಬೆಲೆ ಇಳಿಯಿತು, ಸಾಲ ಬೆಳೆಯಿತು, ಜಮೀನು ಹೋಯಿತು.

“ಅವನು ಬೈಯಲಿಲ್ಲ. ಮುಂದಿನ ಶನಿವಾರ ಬಂದ, ಕೂತ, ಎದ್ದು ಹೋದ. ಮತ್ತೆ ಬರಲಿಲ್ಲ. ಕೇಳಿದವನಿಗೆ ನಾನು ಏನೂ ಕೊಡಲಿಲ್ಲ. ಈಗ ನಾನು ಯಾರನ್ನು ಏನು ಕೇಳಲಿ?”

ಹೊರಗೆ ಬಂದು ತಣ್ಣೀರು ಸುರಿದುಕೊಂಡ ಮೇಲೆ ಒಂದು ಉಪಾಯ ಹೊಳೆಯಿತು.

“ನೀವು ಕೇಳಬೇಡಿ. ನಾಳೆ ನಾವಿಬ್ಬರೂ ತೊಟ್ಟಿಲ ಶಾಸ್ತ್ರಕ್ಕೆ ಎಲ್ಲರನ್ನೂ ಕರೆಯಲು ಹೊರಟಿದ್ದೇವೆ. ಸುಮ್ಮನೆ ಜೊತೆಗೆ ಬನ್ನಿ. ಕೇಳುವುದು ನನ್ನ ಕೆಲಸ. ಹೊಗೆಯೂ ನನ್ನದೇ ತಾನೆ?”

ಭಾನುವಾರ: ಮನೆಯಿಂದ ಮನೆಗೆ

ವಿಶಾಲು ರೇಷ್ಮೆ ಸೀರೆ ಉಟ್ಟು ಕುಂಕುಮದ ಭರಣಿ ಹಿಡಿದಳು. ನಾನು ಅಕ್ಷತೆ. ಓಲಾವಿ ಇಸ್ತ್ರಿ ಮಾಡಿದ ಅಂಗಿ ಹಾಕಿ, ಸಹಿಯ ಹಾಳೆಯನ್ನು ಎರಡು ಕೈಯಲ್ಲೂ ಹಿಡಿದು ಹಿಂದೆ ಬಂದರು. ಬಾಗಿಲಲ್ಲಿ ಚಪ್ಪಲಿ ಬಿಡಿ ಎಂದು ಅವರಿಗೆ ಹೇಳಿಕೊಡಬೇಕಾಗಲಿಲ್ಲ. ಅವರ ದೇಶದಲ್ಲೂ ಹಾಗೇ ಅಂತೆ.

ಮೊದಲು ಧಾರವಾಡದ ಈರಣ್ಣನ ಮನೆ.

“ಬರ್ರೀ, ಒಳಗ ಬರ್ರೀ. ಹೊರಗ್ಯಾಕ ನಿಂತೀರಿ?” ಎಂದ ಈರಣ್ಣ. ವಿಷಯ ಹೇಳಿದೆ. “ಅಲ್ರೀ ಯಜಮಾನ್ರ, ಎರಡು ವರ್ಷ ಆತು, ಈ ಅಜ್ಜಾ ಒಂದು ದಿನಾರೆ ನಮ್ಮನಿ ಕಡೆ ಬಂದಾರೇನು? ಡಬ್ಬಿಯೊಳಗ ಚೀಟಿ ಒಗದ್ರ ನಾವೇನು ತಿಳ್ಕೋಬೇಕು?” ಎಂದು ಓಲಾವಿಯ ಕೈಹಿಡಿದು ಸೋಫಾದ ಮೇಲೆ ಕೂರಿಸಿದ. ಹೆಂಡತಿ ಮಹಾದೇವಿ ಚಹಾ ತಂದಳು. ಅವರ ಎಂಟು ವರ್ಷದ ಮಗಳು, “ಈಸ್ ಹಿ ಸಾಂಟಾ?” ಎಂದಳು. “ಸುಮ್ಮನಿರವ್ವಾ, ಸಹಿ ಹಾಕೂದೈತಿ,” ಎಂದು ಈರಣ್ಣ ಸಹಿ ಮಾಡಿದ. ಆರು.

ಎರಡನೆಯದು ಶ್ರೀನಿವಾಸ ರಾವ್ ಎಂಬ ತೆಲುಗರ ಮನೆ. ಅಲ್ಲಿ ನಾನೊಂದು ತಪ್ಪು ಮಾಡಿದೆ. ಯಾರನ್ನಾದರೂ ಪರಿಚಯಿಸುವಾಗ ಹುದ್ದೆ ಹೇಳದೆ ಇರಲು ನಮ್ಮ ಕಡೆಯವರಿಗೆ ಆಗುವುದಿಲ್ಲ. “ಇವರು ಸಾಮಾನ್ಯರಲ್ಲ. ಎರಡು ಸಲ ಮಂತ್ರಿಗಳು. ಕೇಂದ್ರ ಬ್ಯಾಂಕು,” ಎಂದುಬಿಟ್ಟೆ. ರಾವ್ ಕುರ್ಚಿಯ ತುದಿಗೆ ಬಂದರು.

“ಸರ್, ಮನೆ ಸಾಲದ ಬಡ್ಡಿ ಇನ್ನೂ ಇಳಿಯುತ್ತಾ? ಈಗಲೇ ಬದಲಾಯಿಸಲಾ, ಕಾಯಲಾ?”

ಓಲಾವಿಯ ಮುಖ ಬಿಳಿಚಿತು. ಕೊಟ್ಟ ಕಾಫಿಯ ಲೋಟವನ್ನು ಕೆಳಗಿಟ್ಟರು. ಹಿಂದಿನ ಸಂಜೆಯ ಮಾತು ನೆನಪಾಗಿ ನನ್ನ ನಾಲಿಗೆ ಕಚ್ಚಿಕೊಂಡೆ.

“ನನಗೆ ಗೊತ್ತಿಲ್ಲ,” ಎಂದರು ಅವರು, ಒಂದೊಂದೇ ಪದವಾಗಿ. “ನಾನು ಸುಮ್ಮನಿದ್ದರೆ ಅದಕ್ಕೆ ಅರ್ಥ ಹುಡುಕಬೇಡಿ. ನನಗೆ ನಿಜವಾಗಿ ಗೊತ್ತಿಲ್ಲ.”

“ದೊಡ್ಡವರು ಹೀಗೇ ಮಾತಾಡೋದು,” ಎಂದು ರಾವ್ ಮೆಚ್ಚಿ ಸಹಿ ಹಾಕಿದರು. ಏಳು. ಹೊರಗೆ ಬಂದ ಮೇಲೆ ಓಲಾವಿ, “ಮುಂದಿನ ಮನೆಯಲ್ಲಿ ನಾನು ಬರೀ ಪಕ್ಕದ ಮನೆಯವನು,” ಎಂದರು. ಸರಿ ಎಂದೆ.

ತಮಿಳು ಅಜ್ಜಿ, ಅವರ ಮಾತಿನಲ್ಲಿ ಪಾಟಿ, ಒಬ್ಬರ ಮನೆಯಲ್ಲಿ ವಿಶಾಲು ಮತ್ತು ಪಾಟಿ ಬಾಣಂತಿಯ ಲೇಹ್ಯದ ಬಗ್ಗೆ ತಮ್ಮತಮ್ಮ ಭಾಷೆಯಲ್ಲಿ ಮುಕ್ಕಾಲು ಗಂಟೆ ಮಾತಾಡಿದರು. ಪಾಟಿ ಮಗನಿಗೆ ಹಾಳೆ ತೋರಿಸಿ, “ಪೋಡುಡಾ,” ಎಂದರು, ಹಾಕೋ ಎಂದರ್ಥ; ಅವನು ಓದದೆ ಸಹಿ ಹಾಕಿದ. ಮಂಡ್ಯದ ದಂಪತಿಗಳು ಆಗತಾನೆ ಎದ್ದಿದ್ದರು. “ನಮ್ ಮನ್ಗೂ ಬಂದ್ರಲ್ಲ, ಅದೇ ಸಂತೋಸ,” ಎಂದು ಕಾಫಿ ಕೊಟ್ಟು ಸಹಿ ಹಾಕಿದರು. ಒಂಬತ್ತು. ನಾಲ್ಕು ಮನೆಯಲ್ಲಿ ಒಟ್ಟು ಆರು ಲೋಟ ಕುಡಿದಿದ್ದರೂ ಓಲಾವಿಯ ಮುಖ ಬಾಡಲಿಲ್ಲ. ನಾನು ಮಾತ್ರ ಎರಡು ಕಡೆ ಬಚ್ಚಲುಮನೆ ಕೇಳಬೇಕಾಯಿತು.

ಉಳಿದದ್ದು ರಂಗನಾಥ್. ಮೈಸೂರಿನವರು, ಸಂಘದ ಕಾರ್ಯದರ್ಶಿ, ಆ ಪತ್ರ ಬರೆದವರೇ ಅವರು. ನಮಸ್ಕಾರ ಮಾಡಿ ನಾನು ಮೊದಲು ದಿನಚರಿ ತೆಗೆದಿಟ್ಟೆ.

“ಬೆಳಗಿನ ಹೊಗೆ ಇವರದಲ್ಲ ಸ್ವಾಮಿ, ನಮ್ಮ ಬಾಣಂತಿಯದು. ನೋಡಿ, ದಿನ ಸಮೇತ ಇದೆ.”

ರಂಗನಾಥ್ ಕನ್ನಡಕ ಏರಿಸಿ ಪೂರ್ತಿ ಓದಿದರು. “ರೆಕಾರ್ಡ್ ಚೆನ್ನಾಗಿ ಇಟ್ಟಿದೀರಿ,” ಎಂದರು, ಮನಸಾರೆ. “ಹೊಗೆ ಪಾಯಿಂಟ್ ಡ್ರಾಪ್ ಮಾಡ್ತೀನಿ. ಆದ್ರೆ ಗೂಡಿಗೆ ಪರ್ಮಿಷನ್ ಇಲ್ಲ ಅನ್ನೋದು ಹಾಗೇ ಇದೆ. ಹತ್ತು ಸೈನ್ ಬೇಕು. ನಾನು ಸೆಕ್ರೆಟರಿ, ನಾನು ಹಾಕೋ ಹಾಗಿಲ್ಲ.”

“ಇವರು ಯಾರು ಗೊತ್ತೇ…” ಎಂದು ಬಾಯಿ ತೆರೆದೆ. ಓಲಾವಿ ನನ್ನ ಕಡೆ ನೋಡಿದರು. ಮುಚ್ಚಿದೆ.

“ಯಾರಾದ್ರೂ ಅಷ್ಟೇ ಸಾರ್. ದೊಡ್ಡೋರಾದ್ರೆ ರೂಲ್ಸು ಇನ್ನೂ ಸ್ಟ್ರಿಕ್ಟಾಗಿರಬೇಕು,” ಎಂದು ಕೋಡುಬಳೆಯ ತಟ್ಟೆ ಮುಂದಿಟ್ಟರು. ಓಲಾವಿಗೆ ಈ ಮಾತನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಅವರು ರಂಗನಾಥರ ಕೈಕುಲುಕಿದರು. ಆ ಮಧ್ಯಾಹ್ನ ಅವರು ತಾವಾಗಿ ಕೈಕುಲುಕಿದ್ದು ಅದೊಂದೇ ಮನೆಯಲ್ಲಿ.

ನನಗೇನೂ ಚಿಂತೆಯಿರಲಿಲ್ಲ. ಹತ್ತನೆಯದು ನಮ್ಮದೇ ಮನೆ.

ಹತ್ತನೆಯ ಮನೆ

ಪ್ರಕಾಶ ಹಜಾರದಲ್ಲಿ ಮಗುವನ್ನು ಹೆಗಲಿಗೆ ಹಾಕಿಕೊಂಡು ತಿರುಗುತ್ತಿದ್ದ. ಹಾಳೆ ಚಾಚಿ, “ಇಲ್ಲೊಂದು ಸಹಿ ಹಾಕಪ್ಪ, ಮುಗೀತು,” ಎಂದೆ.

ಅವನು ಪೆನ್ನು ತೆಗೆದುಕೊಳ್ಳಲಿಲ್ಲ. “ಯಾರು ಕೇಳ್ತಿರೋದು ಅಣ್ಣ? ನೀವಾ, ಅವರಾ?”

“ಯಾರಾದರೇನು?”

“ಈರಣ್ಣನ ಮನೆಗೆ ಹೋದ್ರಿ, ರಾವ್ ಮನೆಗೆ ಹೋದ್ರಿ, ಆ ರಂಗನಾಥನ ಮನೇಗೂ ಹೋಗಿ ಕೋಡುಬಳೆ ತಿಂದು ಬಂದ್ರಿ. ನನ್ನ ಮನೆ ಮಾತ್ರ ಲೆಕ್ಕಕ್ಕಿಲ್ಲ.” ನಗುತ್ತಲೇ ಹೇಳಿದ, ಆ ನಗು ಮಾತ್ರ ಅರ್ಧಕ್ಕೇ ನಿಂತಿತು. “ಎರಡು ವರ್ಷದಿಂದ ಪಕ್ಕದಲ್ಲಿದಾರೆ. ನಾನು ಹಾಯ್ ಅಂದ್ರೆ ತಲೆ ಆಡಿಸ್ತಾರೆ. ನೀವು ಬಂದು ಒಂದು ತಿಂಗಳಿಗೆ ಜೊತೇಲಿ ಸ್ನಾನ. ನನ್ನನ್ನ ಒಂದು ಸಲ ಕರೆದಿದಾರಾ?”

“ರೀ, ಭಾವನ ಜೊತೆ ಹಾಗಾ ಮಾತಾಡೋದು?” ಎಂದು ಸುಮಾ ಒಳಗಿನಿಂದ ಹೇಳಿದಳು.

“ಅವನು ಹೇಳೋದು ನ್ಯಾಯವೇ,” ಎಂದಳು ವಿಶಾಲು.

ಊರೆಲ್ಲ ಸುತ್ತಿ ಕರೆದವರು ಉಂಡ ಮನೆಯವರನ್ನೇ ಕರೆಯುವುದು ಮರೆತಿದ್ದೆವು. ನಾನು ಬೇಲಿಯ ಹತ್ತಿರ ಹೋಗಿ ಓಲಾವಿಯನ್ನು ಕರೆದು ನಡೆದದ್ದನ್ನು ಹೇಳಿದೆ.

“ಈ ಮನೆಗೆ ನಾನು ನಿಮ್ಮ ಜೊತೆ ಬರಲಾರೆ. ನಾನು ಇದೇ ಮನೆಯವನು, ಬಾಗಿಲಿನ ಒಳಗಡೆ ನಿಲ್ಲಬೇಕಾದವನು. ನೀವೇ ಬರಬೇಕು. ನೀವೇ ಕೇಳಬೇಕು.”

ಓಲಾವಿ ಬೇಲಿಯ ಹಲಗೆಯ ಮೇಲೆ ಕೈಯಿಟ್ಟು ನಿಂತರು. “ಅವನು ಹೇಳುವುದು ಸರಿ,” ಎಂದಷ್ಟೇ ಹೇಳಿ ಒಳಗೆ ಹೋದರು.

ಅರ್ಧ ಗಂಟೆ ಕಳೆಯಿತು. ಸಂಜೆ ಏಳಾದರೂ ಅಲ್ಲಿ ನಮ್ಮ ನಾಲ್ಕು ಗಂಟೆಯ ಬಿಸಿಲು. ಮುಂಬಾಗಿಲ ಗಂಟೆ ಹೊಡೆಯಿತು. ನಾನು ಏಳಹೋದೆ, ವಿಶಾಲು ನನ್ನ ತೋಳು ಹಿಡಿದು ಕೂರಿಸಿದಳು. ಮಗುವನ್ನು ಸುಮಾಳ ಕೈಗೆ ಕೊಟ್ಟು ಪ್ರಕಾಶನೇ ಬಾಗಿಲು ತೆರೆದ.

ಓಲಾವಿ ಹೊಸ್ತಿಲಿನ ಆಚೆ ಶೂ ಬಿಚ್ಚಿಟ್ಟು ಕಾಲುಚೀಲದಲ್ಲಿ ನಿಂತಿದ್ದರು. ಆರು ಚುನಾವಣೆ ಗೆದ್ದವರು ಅಂಗಿಯ ಕಾಲರು ಸರಿಮಾಡಿಕೊಂಡರು.

“ಪ್ರಕಾಶ್. ನಾನು ಓಲಾವಿ, ಪಕ್ಕದ ಮನೆ. ಮೊದಲೇ ಬರಬೇಕಿತ್ತು.” ಬಾಗಿಲ ಚೌಕಟ್ಟು ಹಿಡಿದುಕೊಂಡರು. “ನನಗೆ ಮಗಳ ಜೊತೆ ಇರಬೇಕೆಂದು ಆಸೆ. ಆ ಗೂಡು ಹೋದರೆ ನಾನು ಇರಲಾರೆ, ನನ್ನನ್ನು ನಾನು ಬಲ್ಲೆ. ನಿನ್ನ ಸಹಿ ಬೇಕು. ಕೊಡುತ್ತೀಯಾ ಎಂದು ಕೇಳುತ್ತಿದ್ದೇನೆ.”

ಅಷ್ಟು ಉದ್ದದ ಮಾತನ್ನು ಅವರು ಉಸಿರು ಕಟ್ಟಿ ಆಡಿದ್ದರು. ಪ್ರಕಾಶನ ಮುಖ ಕೆಂಪಾಯಿತು. ದೊಡ್ಡವರನ್ನು ಬಾಗಿಲಲ್ಲಿ ನಿಲ್ಲಿಸಿದೆನಲ್ಲ ಎಂಬ ನಾಚಿಕೆ ಅದು, ನಮ್ಮವರ ಮುಖದಲ್ಲಿ ನೋಡಿದರೆ ಗೊತ್ತಾಗುತ್ತದೆ.

“ಒಳಗೆ ಬನ್ನಿ,” ಎಂದ. ಆಮೇಲೆ ಚಿಕ್ಕ ಹುಡುಗನ ಹಾಗೆ, “ಶನಿವಾರ ನನ್ನನ್ನೂ ಕರೀತೀರಾ?” ಎಂದು ಕೇಳಿದ.

“ಆರು ಗಂಟೆಗೆ,” ಎಂದರು ಓಲಾವಿ. “ಚಂದ್ರ ಪಂಚೆ ಉಡುತ್ತಾನೆ. ನೀನೂ ಉಡಬಹುದು.”

ಸಹಿ ಬಿತ್ತು. ವಿಶಾಲು ಕಾಫಿ ತಂದಳು, ಆ ದಿನದ ಏಳನೆಯ ಲೋಟವನ್ನೂ ಅವರು ಪೂರ್ತಿ ಕುಡಿದರು. ಹೋಗುವಾಗ ಹಿತ್ತಲಿನ ಬಾಗಿಲಿನಿಂದ ಹೋದರು, ನಾನು ಜಗುಲಿಯವರೆಗೆ ಬಂದೆ. ಆಚೆ ಮನೆಯ ಅಡುಗೆಮನೆಯ ಕಿಟಕಿಯಲ್ಲಿ ಪೈವಿ ಪಾತ್ರೆ ಒರೆಸುತ್ತಿದ್ದಳು. ಒಂದೇ ಪಾತ್ರೆಯನ್ನು ಬಹಳ ಹೊತ್ತಿನಿಂದ ಒರೆಸುತ್ತಿದ್ದಿರಬೇಕು. ಓಲಾವಿ ಹಾಳೆಯನ್ನು ಕಂಕುಳಲ್ಲಿಟ್ಟುಕೊಂಡು ಎರಡೂ ಕೈ ಎತ್ತಿ ಹತ್ತೂ ಬೆರಳು ತೋರಿಸಿದರು. ಅವಳು ಅಲುಗಲಿಲ್ಲ. ಇನ್ನೊಮ್ಮೆ ತೋರಿಸಿದರು.

ಅವಳು ಓಡಿ ಬರುತ್ತಾಳೆ, ಅಪ್ಪನನ್ನು ಅಪ್ಪಿಕೊಳ್ಳುತ್ತಾಳೆ ಎಂದು ನಾನು ಕಾದೆ. ಬರಲಿಲ್ಲ. ಕಿಟಕಿಯಿಂದ ಸರಿದುಹೋದಳು. ಸ್ವಲ್ಪ ಹೊತ್ತಿಗೆ ಮೆಟ್ಟಿಲಿನ ಪಕ್ಕದ ಗಾಜಿನಲ್ಲಿ ಕಾಣಿಸಿಕೊಂಡಳು. ಊರಿಗೆ ಹೊರಡಲೆಂದು ಕೆಳಗೆ ಇಳಿಸಿಟ್ಟಿದ್ದ ಅಪ್ಪನ ಸೂಟ್‌ಕೇಸನ್ನು ಎರಡು ಕೈಯಲ್ಲೂ ಹಿಡಿದು, ಒಂದೊಂದೇ ಮೆಟ್ಟಿಲು ಮೇಲಕ್ಕೆ ಒಯ್ಯುತ್ತಿದ್ದಳು.